ಪೊಲಿತ್ಸಾಯ್ ಸಿದೀರನ ಮಗಳು

ಒಸೋಕಿವ್ಕಾದಲ್ಲಿ ಮಧ್ಯಾಹ್ನದ ಊಟದ ಹೊತ್ತಾಯಿತೆಂದು ತಿಳಿಯಲು ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಯಾವ್ದೋಖಾ ಬೇಲಿಯ ಹತ್ತಿರ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಬೀದಿಯ ಆ ತುದಿಯವರಿಗೂ ಕೇಳುವ ಹಾಗೆ ಕೂಗುತ್ತಿದ್ದಳು.

"ಮಿಲಿತ್ಸಿಯಾ! ಏ ಮಿಲಿತ್ಸಿಯಾ! ಊಟಕ್ಕೆ ಬಾರೋ, ಬೋರ್ಷ್ ಸಾರು ಆರಿಹೋಗ್ತಿದೆ!"

ಮಿಲಿತ್ಸಿಯಾ ಅಂದರೆ ಪೊಲೀಸು. ಹಾಗೆ ಕೂಗಿಸಿಕೊಳ್ಳುತ್ತಿದ್ದವನು ಅವಳು ಹೆತ್ತ ಮಗ ಒಮೆಲ್ಕೋ. ನಮ್ಮ ಊರಿಗೂ ಸುತ್ತಲಿನ ಹಳ್ಳಿಗಳಿಗೂ ಸೇರಿ ಇದ್ದ ಒಬ್ಬನೇ ಪೊಲೀಸಿನವನು. ಹೊಟ್ಟೆ ಬಂದಿದ್ದ, ತಲೆ ಬೋಳಾಗಿದ್ದ, ತನ್ನ ಮಕ್ಕಳ ಮದುವೆ ಮಾಡುವ ವಯಸ್ಸಾಗಿದ್ದ ಆ ಗಂಡಸು ಪಂಚಾಯಿತಿ ಕಟ್ಟಡದ ಪಕ್ಕದ ತನ್ನ ಪುಟ್ಟ ಠಾಣೆಯಿಂದ ತಲೆ ಹೊರಗೆ ಹಾಕಿ, "ಬಂದೆ ಅಮ್ಮಾ, ಊರಿಗೆಲ್ಲ ಸಾರ್ಬೇಡ" ಅನ್ನುತ್ತಿದ್ದ.

"ನಂಗೂ ಒಂದು ಹೆಸರಿದೆ ಅಮ್ಮಾ" ಎಂದು ಎಷ್ಟೋ ಸಲ ಗೊಣಗಿದ್ದುಂಟು.

"ಹೆಸರಿಟ್ಟವಳು ನಾನೇ. ಬೇಕಾದಾಗ ಕರೀತೀನಿ. ಈಗ ಕೈ ತೊಳ್ಕೋ, ಮಿಲಿತ್ಸಿಯಾ."

ಹೊಸಬರಿಗೆ ಇದು ಮುದುಕಿಯ ಹುಚ್ಚಾಟದಂತೆ ಕಾಣುತ್ತಿತ್ತು. ಹಳಬರು ಮಾತ್ರ ನಗುತ್ತಲೇ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಆ ಶಬ್ದವನ್ನು ಅವಳು ಯಾಕೆ ಅಷ್ಟು ಬಾಯ್ತುಂಬ ಕೂಗುತ್ತಾಳೆ ಅನ್ನುವುದು ಅವರಿಗೆ ಗೊತ್ತಿತ್ತು.

ಯುದ್ಧದ ಕಾಲದಲ್ಲಿ ಜರ್ಮನರು ಊರು ಹಿಡಿದಾಗ, ಊರಿನವರಲ್ಲೇ ಕೆಲವರನ್ನು ಆರಿಸಿ, ತೋಳಿಗೆ ಬಿಳಿ ಪಟ್ಟಿ ಕಟ್ಟಿ, ಹೆಗಲಿಗೆ ಬಂದೂಕು ಕೊಟ್ಟಿದ್ದರು. ಅವರಿಗೆ ಪೊಲಿತ್ಸಾಯ್ ಎಂದು ಹೆಸರು. ಮೂಲದಲ್ಲಿ ಅದಕ್ಕೂ ಪೊಲೀಸು ಅನ್ನುವುದೇ ಅರ್ಥ. ಆದರೆ ನಮ್ಮ ಕಡೆ ಅದು ಆಮೇಲೆ ಅರ್ಥವಾಗಿ ಉಳಿಯಲಿಲ್ಲ, ಉಗುಳಾಗಿ ಉಳಿಯಿತು. ನೆರೆಯವನೇ ನೆರೆಯವನ ಮನೆಗೆ ಬಂದು ಕೈಕಟ್ಟಿ ಎಳೆದೊಯ್ದದ್ದು, ಒಂದೇ ಬಾವಿಯ ನೀರು ಕುಡಿದವರು ಆ ಕೆಲಸ ಮಾಡಿದ್ದು, ಎಲ್ಲವೂ ಆ ಶಬ್ದಕ್ಕೆ ಅಂಟಿಕೊಂಡಿತು. ನಮ್ಮ ಊರಿನಲ್ಲಿ ಹಾಗೆ ಪಟ್ಟಿ ಕಟ್ಟಿಕೊಂಡವರು ಮೂವರು. ಅವರಲ್ಲೊಬ್ಬ ಸಿದೀರ್, ಯಾವ್ದೋಖಾಳ ಅಪ್ಪ.

ಜರ್ಮನರು ಕಾಲ್ತೆಗೆದಾಗ ಅವರ ಗಾಡಿಯ ಹಿಂದೆ ಅವನೂ ಹೋದ. ಎಲ್ಲಿ ಹೋದ, ಏನಾದ, ಇವತ್ತಿಗೂ ಯಾರಿಗೂ ತಿಳಿಯದು. ಹೆಂಡತಿ ಖಿಮ್ಕಾ ಮನೆಯಲ್ಲಿದ್ದ ಅವನ ಒಂದೇ ಒಂದು ಫೋಟೋವನ್ನು ಒಲೆಗೆ ಹಾಕಿದಳು. ಆರು ವರ್ಷದ ಮಗಳಿಗೆ ಅಪ್ಪನೆಂದು ಉಳಿದದ್ದು ಕುರಿತೊಗಲಿನ ಕೋಟಿನ ವಾಸನೆಯೊಂದೇ. ಅಪ್ಪ ಹೇಗಿದ್ದ ಅಂತ ಕೇಳಿದರೆ ಖಿಮ್ಕಾ ಬಕೆಟ್ಟು ತೆಗೆದುಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಯುದ್ಧ ಮುಗಿದು ಶಾಲೆ ತೆರೆದಾಗ ದೊಡ್ಡವರು ಚಿಕ್ಕವರೆನ್ನದೆ ಎಲ್ಲ ಮಕ್ಕಳೂ ಒಂದೇ ತರಗತಿಯಲ್ಲಿ ಕೂತರು. ಯಾವ್ದೋಖಾಳ ಬೆಂಚಿನಲ್ಲಿ ಮಾತ್ರ ಪಕ್ಕದ ಜಾಗ ಖಾಲಿ. ಹಿಂದಿನ ಬೆಂಚಿನಲ್ಲಿ ಅವಳಿಗಿಂತ ಮೂರು ವರ್ಷ ದೊಡ್ಡವಳಾದ ಮೋತ್ರ್ಯಾ. ಮೋತ್ರ್ಯಾಳ ಅಪ್ಪ ಕಾಡಿನಲ್ಲಿ ಅಡಗಿದ್ದ ಗೆರಿಲ್ಲಾಗಳಿಗೆ ರೊಟ್ಟಿ ಕೊಟ್ಟನೆಂದು ಮೂವರು ಪೊಲಿತ್ಸಾಯ್‌ಗಳೇ ಬಂದು ಹಿಡಿದುಕೊಂಡು ಹೋಗಿದ್ದರು. ಆಮೇಲೆ ಅವನು ಬರಲಿಲ್ಲ. ಮೋತ್ರ್ಯಾ ಮುಂದಿನ ಬೆಂಚಿನ ಜಡೆಯನ್ನು ಕೈಗೆ ಸುತ್ತಿಕೊಂಡು ಎಳೆದು, ಕಿವಿಯ ಹತ್ತಿರ ಮೆಲ್ಲಗೆ ಹೇಳುತ್ತಿದ್ದಳು, "ಪೊಲಿತ್ಸಾಯ್ ಮರಿ."

ಕೂಗಿ ಹೇಳಿದ್ದರೆ ಮೇಷ್ಟ್ರಾದರೂ ಗದರುತ್ತಿದ್ದರು. ಮೆಲ್ಲಗೆ ಹೇಳಿದ್ದು ಮನೆಯವರೆಗೂ ಜೊತೆಗೆ ಬರುತ್ತಿತ್ತು.

"ಕೇಳಿಸ್ಲಿಲ್ಲ ಅನ್ನೋ ಹಾಗೆ ನಡಿ" ಎಂದು ಖಿಮ್ಕಾ ಕಲಿಸಿದಳು. ಯಾವ್ದೋಖಾ ಹಾಗೇ ನಡೆದಳು. ನಡೆದೂ ನಡೆದೂ ಬೆನ್ನು ನೆಟ್ಟಗಾಯಿತು. ನೋಡಿದವರು, "ಎಷ್ಟು ಜಂಬ ನೋಡು ಪೊಲಿತ್ಸಾಯ್ ಮಗಳಿಗೆ" ಎಂದರು.

ದೊಡ್ಡವಳಾದ ಮೇಲೆ ಅವಳು ಹೊಲಿಗೆ ಕಲಿತಳು. ಅದಕ್ಕೆ ಅವಳು ಕೊಡುತ್ತಿದ್ದ ಕಾರಣ ವಿಚಿತ್ರವಾಗಿತ್ತು. "ಅಳತೆ ಕೊಡೋಕೆ ಬಂದವ್ರು ಕೈಯೆತ್ತಿ ಸುಮ್ಮನೆ ನಿಂತ್ಕೋಬೇಕು. ಬಾಯಲ್ಲಿ ಗುಂಡುಸೂಜಿ ಇರೋವಳನ್ನ ಯಾರೂ ಬೈಯೋದಿಲ್ಲ." ಮೊದಮೊದಲು ಬಟ್ಟೆಯನ್ನು ಮಕ್ಕಳ ಕೈಲಿ ಕಳಿಸುತ್ತಿದ್ದವರು ಆಮೇಲೆ ತಾವೇ ಬಂದರು. ತೋಳು ಕೂರಿಸುವುದರಲ್ಲಿ ಅವಳ ಕೈ ಅಂಥದ್ದು. ಮದುವೆಯ ಕಸೂತಿ ಅಂಗಿಗೆ ಪಕ್ಕದ ಊರಿನವರೂ ಬರತೊಡಗಿದರು. ಮೋತ್ರ್ಯಾ ಒಬ್ಬಳು ಮಾತ್ರ ತನ್ನ ಮದುವೆಯ ಲಂಗ ಹೊಲಿಸಲು ಗಾಡಿ ಕಟ್ಟಿಸಿಕೊಂಡು ಬೇರೆ ಊರಿಗೆ ಹೋದಳು.

ಯಾವ್ದೋಖಾಳನ್ನು ಮದುವೆಯಾದವನು ತಿಖೀನ್, ನದಿಯಾಚೆಯ ಊರಿನಿಂದ ಹಿಟ್ಟಿನ ಗಿರಣಿಗೆ ಕೆಲಸಕ್ಕೆ ಬಂದ ಮಿತಭಾಷಿ. ಯಾರೋ ಹಿತೈಷಿಗಳು ಅವನನ್ನು ಪಕ್ಕಕ್ಕೆ ಕರೆದು, "ಅವಳ ಅಪ್ಪ ಯಾರು ಗೊತ್ತೇನಪ್ಪಾ?" ಎಂದರಂತೆ.

"ಗೊತ್ತು. ಮದುವೆಗೆ ಬರ್ತಾನಾ?"

"ಅವನೆಲ್ಲಿ ಬರ್ತಾನೆ!"

"ಹಾಗಾದ್ರೆ ಒಂದು ತಟ್ಟೆ ಕಮ್ಮಿ ಆಯ್ತು" ಎಂದು ತಿಖೀನ್ ಮೈಮೇಲಿನ ಹಿಟ್ಟು ಕೊಡವಿಕೊಂಡು ಒಳಗೆ ಹೋದ. ಈ ಕಥೆಯನ್ನು ಯಾವ್ದೋಖಾ ಅವನು ಸತ್ತ ಮೇಲೂ ಹೇಳಿಕೊಂಡು ನಗುತ್ತಿದ್ದಳು. ಅವರಿಬ್ಬರ ಸಂಸಾರದಲ್ಲಿ ಆ ಶಬ್ದ ಒಂದು ಸಲವೂ ಬರಲಿಲ್ಲ.

ಮಗ ಒಮೆಲ್ಕೋ ಸಾಮೂಹಿಕ ಬೇಸಾಯದ ಗ್ಯಾರೇಜಿನಲ್ಲಿ ಟ್ರ್ಯಾಕ್ಟರು ರಿಪೇರಿ ಮಾಡಿಕೊಂಡಿದ್ದ. ಹಳೆಯ ದೇಶ ಒಡೆದು ಹೊಸ ದೇಶವಾದಾಗ ಆ ಬೇಸಾಯವೂ ಮುಳುಗಿತು, ಟ್ರ್ಯಾಕ್ಟರುಗಳ ಬಿಡಿಭಾಗಗಳು ರಾತ್ರೋರಾತ್ರಿ ಕಾಲು ಬಂದು ನಡೆದುಹೋದವು. ಮಿಲಿತ್ಸಿಯಾಕ್ಕೆ ಆಗ ಜನ ಬೇಕಾಗಿತ್ತು. ಹಿಂದಿನ ಕಾಲವಾಗಿದ್ದರೆ, ನಿನ್ನ ತಾತ ಯುದ್ಧದಲ್ಲಿ ಏನು ಮಾಡುತ್ತಿದ್ದ ಎಂದು ಮೊದಲು ಕೇಳುತ್ತಿದ್ದರು. ಈಗ ಹಾಗೆ ಕೇಳುವುದು ನಿಂತಿತ್ತು. ಒಮೆಲ್ಕೋ ಅರ್ಜಿ ಹಾಕಿದ, ತೆಗೆದುಕೊಂಡುಬಿಟ್ಟರು.

ಕೊಟ್ಟ ಸಮವಸ್ತ್ರ ಅವನಂಥ ಇಬ್ಬರಿಗೆ ಸಾಕಾಗುವಷ್ಟು ದೊಡ್ಡದಾಗಿತ್ತು. ಯಾವ್ದೋಖಾ ಅದನ್ನು ಪೂರ್ತಿ ಬಿಚ್ಚಿ, ಮಗನ ಮೈಗೆ ಎರಕ ಹೊಯ್ದಂತೆ ಮತ್ತೆ ಹೊಲಿದಳು. ಮರುದಿನ ಬೆಳಿಗ್ಗೆ ಅದನ್ನು ತೊಡಿಸಿ, ತಾನು ಹಬ್ಬದ ಶಾಲು ಹೊದ್ದು, "ನಡಿ, ಅಂಗಡಿಗೆ ಹೋಗೋಣ" ಎಂದಳು.

"ಏನು ತರ್ಬೇಕಮ್ಮಾ?"

"ಬೆಂಕಿಪೊಟ್ಟಣ."

"ನಾನೇ ತರ್ತೀನಲ್ಲ."

"ನಡಿ ಅಂದೆ."

ತಾಯಿಮಗ ಊರಿನ ನಟ್ಟನಡುವೆ ಉದ್ದಕ್ಕೂ ನಡೆದರು. ಅವಳು ಅವನ ತೋಳು ಹಿಡಿದಿದ್ದಳು. ಅದೇ ಬೀದಿಯಲ್ಲಿ ಬಗ್ಗಿಸದೆ ನಡೆದಿದ್ದ ಆ ಬೆನ್ನು ಆವತ್ತು ಮೊದಲ ಸಲ ಹಗುರವಾಗಿತ್ತು. ಮೋತ್ರ್ಯಾ ತನ್ನ ಮನೆಯ ಮುಂದಿನ ಬೆಂಚಿನ ಮೇಲೆ ಕೂತಿದ್ದಳು. ಶಾಲೆ ಬಿಟ್ಟ ಮೇಲೆ ಇಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ, ಒಬ್ಬರು ಬಾವಿಗೆ ಬಂದರೆ ಇನ್ನೊಬ್ಬರು ಕಾದು ಹೋಗುತ್ತಿದ್ದರು. ಯಾವ್ದೋಖಾ ಮುಖ ನೆಟ್ಟಗಿಟ್ಟುಕೊಂಡು ಮುಂದೆ ಸಾಗುತ್ತಿದ್ದಾಗ ಬೆಂಚಿನಿಂದ ಧ್ವನಿ ಬಂತು.

"ಏನೇ ಯಾವ್ದೋಖಾ, ಬೆಳಿಗ್ಗೆ ಬೆಳಿಗ್ಗೇನೇ ಹಿಡ್ಕೊಂಡು ಹೋಗ್ತಿದಾರಾ? ಯಾವ ಕೋಳಿ ಕದ್ದೆ?"

ಯಾವ್ದೋಖಾ ಅಂಗಡಿಯವರೆಗೆ ನಕ್ಕಳು. ಬೆಂಕಿಪೊಟ್ಟಣ ತೆಗೆದುಕೊಂಡು ಮನೆಗೆ ಬಂದು, ಒಲೆಯ ಹಿಂದೆ ಕೂತು, ಮಗನಿಗೆ ಕಾಣದಂತೆ ಅತ್ತಳು.

ಒಮೆಲ್ಕೋ ಎಂಥ ಪೊಲೀಸಿನವನು ಎಂದರೆ, ಮನೆಗಳಲ್ಲಿ ಕಳ್ಳಭಟ್ಟಿ ಇಳಿಸುವ ದಿನ ಆ ಬೀದಿಗೆ ಹೋಗುವ ಮೊದಲು ದೂರದಿಂದಲೇ ಜೋರಾಗಿ ಕೆಮ್ಮುತ್ತಿದ್ದ. ಆದರೆ ಕುಡಿದು ಹೆಂಡತಿಯ ಮೇಲೆ ಕೈಮಾಡಿದ ಗಂಡನ ಮನೆಗೆ ಹೋಗುವಾಗ ಕೆಮ್ಮುತ್ತಿರಲಿಲ್ಲ. ಅವನ ಸೈಡ್‌ಕಾರ್ ಇರುವ ಮೋಟಾರುಬೈಕಿನಲ್ಲಿ ಕಳ್ಳರಿಗಿಂತ ಹೆಚ್ಚಾಗಿ ಹೆರಿಗೆ ಹೆಂಗಸರು, ಗೊಬ್ಬರದ ಚೀಲ, ಆಸ್ಪತ್ರೆಯಿಂದ ಬಿಟ್ಟ ಮುದುಕರು ಪ್ರಯಾಣ ಮಾಡಿದ್ದರು. ಒಂದು ಸಲ ಮೋತ್ರ್ಯಾಳ ಆಡು ತಪ್ಪಿಸಿಕೊಂಡು ಬೆಲಾರೂಸಿನ ಗಡಿಯತನಕ ಹೋಗಿತ್ತು. ಒಮೆಲ್ಕೋ ಅದನ್ನು ಹುಡುಕಿ ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಊರೊಳಗೆ ಬಂದಾಗ, ಆಡು ಅವನ ಟೋಪಿಯ ಅಂಚನ್ನು ತಿನ್ನುತ್ತ ಮಹಾರಾಣಿಯ ಹಾಗೆ ಕೂತಿತ್ತು. ಮೋತ್ರ್ಯಾ ಗೇಟು ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ಊರು ಅಪರೂಪಕ್ಕೆ ನೋಡಿತ್ತು.

ಮರುದಿನ ಅವಳು ಒಂದು ತಂಬಿಗೆ ಆಡಿನ ಹಾಲು ತಂದು ಯಾವ್ದೋಖಾಳ ಬೇಲಿಯ ಮೇಲಿಟ್ಟಳು. "ಮಿಲಿತ್ಸಿಯಾಕ್ಕೆ" ಎಂದು ಅಷ್ಟೇ ಹೇಳಿ ಹೋದಳು. ಯಾವ್ದೋಖಾ ತಂಬಿಗೆಯನ್ನು ಖಾಲಿ ಕಳಿಸಲಿಲ್ಲ, ಚೆರ್ರಿ ಹಣ್ಣಿನ ಕಡುಬು ತುಂಬಿ ಕಳಿಸಿದಳು. ಹೀಗೆ ತಂಬಿಗೆ ಓಡಾಡುತ್ತ ಓಡಾಡುತ್ತ ಕೊನೆಗೆ ಮುದುಕಿಯರೇ ಓಡಾಡತೊಡಗಿದರು. ಶರತ್ಕಾಲದಲ್ಲಿ ಬೀನ್ಸ್ ಕಾಳು ಬಿಡಿಸಲು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಹವೆ, ಸೊಂಟನೋವು, ಸೊಸೆಯಂದಿರು, ಎಲ್ಲದರ ಬಗ್ಗೆ ಮಾತಾಡುತ್ತಿದ್ದರು. ಯುದ್ಧದ ಬಗ್ಗೆ ಮಾತ್ರ ಇಲ್ಲ. ಒಡೆದ ಮಡಕೆ ಇರುವ ಮೂಲೆಗೆ ಇಬ್ಬರೂ ದೀಪ ಹಿಡಿಯಲಿಲ್ಲ.

ಹೀಗೆ ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಆ ನವೆಂಬರಿನಲ್ಲಿ ಒಂದು ಮಧ್ಯಾಹ್ನ, ಒಮೆಲ್ಕೋ ಬೋರ್ಷಿಗೆ ಕೆನೆ ಹಾಕಿಕೊಳ್ಳುತ್ತ, ಮಾತಿಗೆ ಮಾತು ಬಂದ ಹಾಗೆ ಹೇಳಿದ.

"ಅಮ್ಮಾ, ಇನ್ಮೇಲೆ ನೀನು ಬೇರೆ ಏನಾದ್ರೂ ಕೂಗ್ಬೇಕು. ಮಿಲಿತ್ಸಿಯಾ ರದ್ದಾಯ್ತು. ಇಡೀ ದೇಶದಲ್ಲಿ ಹೆಸರು ಬದ್ಲಾಯ್ತು. ನಾವೀಗ ಪೊಲಿತ್ಸಿಯಾ."

ಯಾವ್ದೋಖಾ ರೊಟ್ಟಿ ಕೊಯ್ಯುತ್ತಿದ್ದಳು. ಚಾಕು ಅಲ್ಲೇ ನಿಂತಿತು.

"ಏನು ಅಂದೆ?"

"ಪೊಲಿತ್ಸಿಯಾ."

"ಯಾರಿಟ್ರು ಆ ಹೆಸರನ್ನ?"

"ಮೇಲಿನವ್ರು. ಅಯ್ಯೋ, ಎಲ್ಲಾ ಕಡೆ ಹಾಗೇ ಅಂತಾರಮ್ಮಾ. ಪೋಲೆಂಡಲ್ಲಿ ಅದೇ, ಬಲ್ಗೇರಿಯಾದಲ್ಲಿ ಅದೇ, ರೊಮೇನಿಯಾ, ಲಿಥುವೇನಿಯಾ, ಜಾರ್ಜಿಯಾ... ಅವ್ರದ್ದೂ ಮೊದ್ಲು ಮಿಲಿತ್ಸಿಯಾನೇ ಇತ್ತು, ಬದ್ಲಾಯಿಸ್ಕೊಂಡ್ರು. ರಷ್ಯಾದವ್ರೂ ಬದ್ಲಾಯಿಸ್ಕೊಂಡ್ರು. ಇಡೀ ಲೋಕ ಹಾಗೇ ಅನ್ನುತ್ತೆ."

"ಇಡೀ ಲೋಕ ಈ ಊರಲ್ಲಿ ಹುಟ್ಟಿಲ್ಲ" ಎಂದಳು ಯಾವ್ದೋಖಾ.

ಒಮೆಲ್ಕೋ ತಲೆಯೆತ್ತಿ ನೋಡಿದ. ತಾತನ ವಿಷಯ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವನಿಗೆ ಅದು ಹಳೆಯ ಕಾಲದ ಕಥೆ. ಅಮ್ಮನ ಕಿವಿಯಲ್ಲಿ ಅದು ಇನ್ನೂ ಮೆಲ್ಲಗೆ ಉಸಿರಾಡುತ್ತಿದೆ ಎಂದು ಅವನು ಊಹಿಸಿರಲಿಲ್ಲ. ನಗಿಸೋಣವೆಂದು, "ಬೆಲಾರೂಸಲ್ಲಿ ಮಾತ್ರ ಇನ್ನೂ ಮಿಲಿತ್ಸಿಯಾ ಇದೆ ನೋಡು" ಎಂದ.

"ಹಾಗಾದ್ರೆ ಅಲ್ಲಿಗೆ ವರ್ಗ ಮಾಡಿಸ್ಕೋ. ಮೋತ್ರ್ಯಾಳ ಆಡಿಗೆ ದಾರಿ ಗೊತ್ತಲ್ಲ."

ಮಾತು ತಮಾಷೆಯದೇ, ಮುಖದಲ್ಲಿ ತಮಾಷೆ ಇರಲಿಲ್ಲ. ಅವಳು ಆ ದಿನ ಊಟ ಮಾಡಲಿಲ್ಲ.

ಮುಂದಿನ ವಾರ ಒಮೆಲ್ಕೋ ಏಣಿ ಹಾಕಿಕೊಂಡು ಠಾಣೆಯ ಬೋರ್ಡಿನ ಮೊದಲೆರಡು ಅಕ್ಷರ ಕೆರೆದು ಬೇರೆ ಬರೆದ. ನಮ್ಮ ಲಿಪಿಯಲ್ಲಿ ಉಳಿದ ಅಕ್ಷರಗಳು ಎರಡು ಶಬ್ದಕ್ಕೂ ಒಂದೇ, ಬದಲಾಯಿಸಬೇಕಾಗಿರಲಿಲ್ಲ. ಹೊಸ ನೀಲಿ ಬಣ್ಣ ಹಳೆಯದಕ್ಕೆ ಹೊಂದಲಿಲ್ಲ, ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಅಷ್ಟೇ ಆಗಿದ್ದರೆ ಯಾವ್ದೋಖಾ ಆ ಕಡೆ ನೋಡದೆ ದಿನ ತಳ್ಳುತ್ತಿದ್ದಳೋ ಏನೋ. ಅವಳು ರೊಟ್ಟಿ ತರಲು ಅಂಗಡಿಗೆ ಹೋದಾಗ, ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಪಡ್ಡೆ ರಸ್ತೆಯಲ್ಲಿ ಹೋಗುತ್ತಿದ್ದ ಒಮೆಲ್ಕೋನನ್ನು ಕಂಡು, "ಏನ್ ಸಾಹೇಬ್ರೇ, ಪೊಲಿತ್ಸಾಯ್ ಆಗ್ಬಿಟ್ರಂತೆ!" ಎಂದು ಕೂಗಿದ. ದುರುದ್ದೇಶವೇನಿಲ್ಲ, ಆ ವಾರ ಟೀವಿಯಲ್ಲೂ ಊರೂರಲ್ಲೂ ನಡೆಯುತ್ತಿದ್ದ ನಗೆಮಾತು ಅದು. ಒಮೆಲ್ಕೋ ಕೂಡ ನಕ್ಕು, ಬೆರಳು ತೋರಿಸಿ, "ನಿನ್ನನ್ನೇ ಮೊದ್ಲು ಒಳಗೆ ಹಾಕ್ತೀನಿ ಇರು" ಎಂದು ಮುಂದೆ ಹೋದ.

ಯಾವ್ದೋಖಾಳ ಕೈಯಿಂದ ರೊಟ್ಟಿ ಬಿತ್ತು. ಅಂಗಡಿಯ ಮೆಲಾನ್ಯಾ ಅದನ್ನು ಎತ್ತಿ ಒರೆಸುತ್ತ, "ಹುಷಾರಿಲ್ವಾ ಅಜ್ಜಿ?" ಎಂದು ಕೇಳುವಷ್ಟರಲ್ಲಿ ಅವಳು ಬಾಗಿಲು ದಾಟಿಯಾಗಿತ್ತು. ರೊಟ್ಟಿ ಅಲ್ಲೇ ಉಳಿಯಿತು.

ಮಧ್ಯಾಹ್ನದ ಕೂಗು ನಿಂತಿತು. ಸೊಸೆ ಉಸ್ತೀನಾ ಗಂಡನಿಗೆ ಫೋನು ಮಾಡಿ ಊಟಕ್ಕೆ ಕರೆಯತೊಡಗಿದಳು. "ಹೊತ್ತೇ ಗೊತ್ತಾಗ್ತಿಲ್ವಲ್ಲ" ಎಂದು ಮೆಲಾನ್ಯಾ ಬಂದವರಿಗೆಲ್ಲ ಹೇಳಿದಳು. ಯಾವ್ದೋಖಾ ಅಂಗಡಿಗೆ ಹೋಗಲಿಲ್ಲ, ಬೆಂಚಿಗೂ ಹೋಗಲಿಲ್ಲ. ಮೋತ್ರ್ಯಾಳ ಹಾಲಿನ ತಂಬಿಗೆಯನ್ನು ಹಿಂದೆ ಕೊಡಲು ಸೊಸೆಯನ್ನು ಕಳಿಸಿದಳು. ಮಗ ಮನೆಗೆ ಬಂದರೆ ಹೊಲಿಗೆ ಯಂತ್ರದ ಮುಂದೆ ಕೂತು, ಹೊಲಿಯಲು ಏನೂ ಇಲ್ಲದಿದ್ದರೂ ತುಳಿಯುತ್ತಿದ್ದಳು.

ಒಂದು ಸಂಜೆ ಒಮೆಲ್ಕೋ ಬಂದು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ.

"ಅಮ್ಮಾ, ಸೋಮವಾರ ಜಿಲ್ಲಾ ಕೇಂದ್ರದಲ್ಲಿ ನಮ್ಮನ್ನೆಲ್ಲ ಮತ್ತೆ ಪರೀಕ್ಷೆ ಮಾಡ್ತಾರೆ. ಪಾಸಾದವ್ರು ಪೊಲಿ... ಹೊಸದ್ರಲ್ಲಿ ಇರ್ತಾರೆ, ಆಗದವ್ರು ಮನೆಗೆ. ನೀನು ಹೇಳು. ಬೇಡ ಅಂದ್ರೆ ನಾನು ಹೋಗೋದೇ ಇಲ್ಲ."

"ಹೋಗ್ದೆ ಏನ್ಮಾಡ್ತೀಯ? ಕಸೂತಿ ಹಾಕ್ತೀಯಾ?"

"ನಿಂಗೆ ನೋವಾಗೋ ಹೆಸರನ್ನ ಎದೆ ಮೇಲೆ ಹಾಕ್ಕೊಂಡು ನಾನು ನಿನ್ನ ಮುಂದೆ ಹೇಗಮ್ಮಾ ಓಡಾಡ್ಲಿ?"

ಯಾವ್ದೋಖಾ ಮಗನನ್ನು ನೋಡಿದಳು. ಅವನ ಕಣ್ಣಲ್ಲಿ ನೀರಿತ್ತು. ಹೆಣ ಎತ್ತಿದಾಗಲೂ, ಕುಡುಕನ ಕೊಡಲಿ ಕಿತ್ತುಕೊಂಡಾಗಲೂ ಬಾರದ ನೀರು. "ನನ್ನ ಮುಂದೆ ಓಡಾಡೋದಲ್ಲ ಮಗಾ" ಎಂದಳು ಕೊನೆಗೆ. "ನಾನು ನುಂಗ್ಕೋತೀನಿ. ಮೋತ್ರ್ಯಾ ಮುಂದೆ ಹೇಗೆ ಓಡಾಡ್ತೀಯ?"

ಅಲ್ಲಿಗೆ ಅವಳ ಮನಸ್ಸಿನಲ್ಲಿದ್ದದ್ದು ಅವಳಿಗೇ ಸ್ಪಷ್ಟವಾಯಿತು. ಆ ಶಬ್ದ ಮೋತ್ರ್ಯಾಳ ಮನೆಗೆ ಹೇಗೂ ಹೋಗುತ್ತದೆ, ಮೆಲಾನ್ಯಾಳ ಬಾಯಿಂದಲೋ ಪಡ್ಡೆಗಳ ಬಾಯಿಂದಲೋ. ಹೋಗುವುದಾದರೆ ತನ್ನ ಬಾಯಿಂದ ಹೋಗಲಿ.

ಭಾನುವಾರ ಬೆಳಿಗ್ಗೆ ಅವಳು ಹಬ್ಬದ ಶಾಲು ಹೊದ್ದು, ಉಣ್ಣೆಯ ಬೂಟು ಮೆಟ್ಟಿ, ಬರಿಗೈಯಲ್ಲಿ ಹೊರಟಳು. ಕಡುಬು ಒಯ್ದರೆ ಲಂಚ ಕೊಟ್ಟ ಹಾಗಾಗುತ್ತದೆ ಅನ್ನಿಸಿತ್ತು. ಹಿಮ ಇನ್ನೂ ಬಿದ್ದಿರಲಿಲ್ಲ. ಮೋತ್ರ್ಯಾ ಬೆಂಚಿನ ಮೇಲೆ ದಪ್ಪ ಕೋಟಿನೊಳಗೆ ಹುದುಗಿ ಕೂತಿದ್ದಳು. ಎಂಬತ್ತು ದಾಟಿದ ಮೇಲೆ ಅವಳ ಕಿವಿ ತೀರಾ ಮಂದವಾಗಿತ್ತು.

ಯಾವ್ದೋಖಾ ಕೂರಲಿಲ್ಲ. ನಿಂತೇ ಹೇಳಿದಳು, "ಮೋತ್ರ್ಯಾ, ಒಂದು ವಿಷಯ ಹೇಳ್ಬೇಕು. ನನ್ನ ಮಗನ ಕೆಲಸದ ಹೆಸರು ಬದ್ಲಾಗಿದೆ."

"ಏನು? ಬದನೆಕಾಯಾ?"

"ಬದ್ಲಾಗಿದೆ! ಹೆಸರು!"

"ಯಾರ ಹೆಸರು?"

"ಒಮೆಲ್ಕೋ ಕೆಲಸದ್ದು! ಅವನೀಗ ಮಿಲಿತ್ಸಿಯಾ ಅಲ್ಲ!"

"ಕೆಲಸದಿಂದ ತೆಗೆದ್ರಾ? ಅಯ್ಯೋ ಪಾಪ!"

"ತೆಗೀಲಿಲ್ಲ ಕಣೇ! ಅವನೀಗ..." ಬದುಕಿಡೀ ಬೇರೆಯವರ ಬಾಯಿಂದ ಕೇಳಿದ್ದೇ ಹೊರತು ಆ ಶಬ್ದವನ್ನು ಅವಳು ಒಮ್ಮೆಯೂ ತಾನಾಗಿ ಆಡಿರಲಿಲ್ಲ. ಹೊಸ ಹೆಸರೂ ಹಳೆಯ ಹೆಸರೂ ನಾಲಿಗೆಯಲ್ಲಿ ಕಲಸಿಹೋದವು.

"ಏನೀಗ? ಜೋರಾಗಿ ಹೇಳೇ!"

"ಪೊಲಿತ್ಸಾಯ್!" ಎಂದು ಯಾವ್ದೋಖಾ ಕಿರುಚಿದಳು. "ನನ್ನ ಮಗ ಪೊಲಿತ್ಸಾಯ್!"

ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಚರ್ಚಿನಿಂದ ಬರುತ್ತಿದ್ದ ಹೆಂಗಸರು ನಿಂತಲ್ಲೇ ನಿಂತರು. ಅಂಗಡಿಯ ಬಾಗಿಲಲ್ಲಿ ಮೆಲಾನ್ಯಾ ಎದೆಯ ಮೇಲೆ ಶಿಲುಬೆ ಗೀಚಿಕೊಂಡಳು. ಯಾವ್ದೋಖಾ ಬೆಂಚಿನ ತುದಿಗೆ ಕುಸಿದಳು.

ಮೋತ್ರ್ಯಾ ಕೋಟಿನ ಕಾಲರು ಸರಿಮಾಡಿಕೊಂಡಳು. ಆಮೇಲೆ ಮಾಮೂಲಿ ಧ್ವನಿಯಲ್ಲಿ ಹೇಳಿದಳು, "ಗೊತ್ತು. ನಾನು ಕಿವುಡಿ, ಕುರುಡಿ ಅಲ್ಲ. ಬೋರ್ಡು ಅವತ್ತೇ ನೋಡ್ದೆ."

"ಮತ್ತೆ ಯಾಕೆ ನನ್ನ ಕೈಲಿ ಕೂಗಿಸ್ದೆ?" ಎಂದಳು ಯಾವ್ದೋಖಾ ಅವಳ ಕಿವಿಯ ಹತ್ತಿರ ಬಾಗಿ.

"ನಿನ್ನ ಬಾಯಲ್ಲಿ ಒಂದ್ಸಲ ಕೇಳ್ಬೇಕಿತ್ತು." ಮೋತ್ರ್ಯಾ ಕೋಟಿನ ತೋಳಿಂದ ಮೂಗು ಒರೆಸಿಕೊಂಡಳು. "ಒಳ್ಳೆ ಆಸೆ ಅಲ್ಲ ಅದು. ಆದ್ರೂ ಇತ್ತು."

ಇಬ್ಬರೂ ರಸ್ತೆ ನೋಡುತ್ತ ಕೂತರು. ಚರ್ಚಿನ ಹೆಂಗಸರು ಮೆಲ್ಲಗೆ ಮುಂದೆ ಸರಿದರು.

"ನಮ್ಮಪ್ಪನ್ನ ತಗೊಂಡು ಹೋದಾಗ ನಾನು ನಾವು ಮಲಗ್ತಿದ್ದ ಒಲೆಗೂಡಿನ ಮೇಲಿಂದ ಕಿಟಕೀಲಿ ನೋಡ್ತಾ ಇದ್ದೆ" ಎಂದಳು ಮೋತ್ರ್ಯಾ. "ಬಂದವ್ರು ಮೂರು ಜನ. ಇಬ್ರು ಒಳಗೆ ಬಂದ್ರು. ನಿಮ್ಮಪ್ಪ ಬರ್ಲಿಲ್ಲ, ಗೇಟಲ್ಲೇ ನಿಂತ. ನಮ್ಮ ನಾಯಿ ಸರ್ಕೋ ಹಾರ್‍ಕೊಂಡು ಬಂತು. ಅವ್ರಲ್ಲೊಬ್ಬ ಬಂದೂಕು ಎತ್ತಿದ. ಆಗ ನಿಮ್ಮಪ್ಪ ನಾಯೀನ ಹಿಡ್ಕೊಂಡ. ಹೀಗೆ, ಎರಡೂ ಕೈಲಿ, ಎದೆಗೆ ಅವಚಿ. ಅವ್ರು ಅಪ್ಪನ್ನ ಎಳ್ಕೊಂಡು ಹೋಗೋವರ್ಗೂ ಹಿಡ್ಕೊಂಡೇ ಇದ್ದ. ಆಮೇಲೆ ಬಿಟ್ಟ."

ಎದೆಗೆ ಅವಚಿಕೊಂಡಿದ್ದ ಮೋತ್ರ್ಯಾಳ ಕೈಗಳನ್ನೇ ಯಾವ್ದೋಖಾ ನೋಡುತ್ತಿದ್ದಳು.

"ಇದನ್ನ ಯಾವ ಲೆಕ್ಕಕ್ಕೆ ಹಾಕ್ಬೇಕು ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ ಯಾವ್ದೋಖಾ. ನಾಯೀನ ಉಳಿಸ್ದ. ಅಪ್ಪನ್ನ ಬಿಡಿಸ್ಲಿಲ್ಲ. ಚಿಕ್ಕೋಳಿದ್ದಾಗ ಅದಕ್ಕೇ ಇನ್ನೂ ಸಿಟ್ಟು ಬರ್ತಿತ್ತು. ಪೂರ್ತಿ ಕೆಟ್ಟೋನಾಗಿದ್ರೆ ನನಗೆ ಎಷ್ಟೋ ಸುಲಭ ಆಗ್ತಿತ್ತು."

"ನಾನು ಏನು ಹೇಳ್ಲಿ ಮೋತ್ರ್ಯಾ?"

"ನೀನೇನು ಹೇಳ್ತೀಯ? ನಿಂಗಾಗ ಆರು ವರ್ಷ. ಸುಮ್ನೆ ಕೂತ್ಕೋ. ನಾನೂ ನಿನ್ನ ಜಡೆ ಎಳ್ದಿದ್ದಕ್ಕೆ ಏನೂ ಹೇಳಲ್ಲ."

"ತುಂಬ ನೋಯ್ತಿತ್ತು ಕಣೇ."

"ನೋಯ್ಲಿ ಅಂತ್ಲೇ ಎಳೀತಿದ್ದೆ."

ಯಾವ್ದೋಖಾ ಅತ್ತಳು. ಈ ಸಲ ಒಲೆಯ ಹಿಂದೆ ಅಡಗಿ ಅಲ್ಲ, ಬೀದಿಯಲ್ಲೇ, ಮೂಗು ಸೊರಸೊರ ಎನ್ನುವ ಹಾಗೆ. ಮೋತ್ರ್ಯಾ ಸಮಾಧಾನ ಮಾಡಲಿಲ್ಲ. ಅಳು ಮುಗಿಯುವವರೆಗೆ ಕಾದು, ಮೊಣಕೈಯಿಂದ ತಿವಿದಳು.

"ಆಯ್ತಾ? ಈಗ ಕೇಳು. ಈ ವಾರ ನನ್ನ ಕೋಳಿ ಒಂದೊಂದೇ ಕಳ್ತನ ಆಗ್ತಿದೆ. ನಿನ್ನ ಮಗನ್ನ ಕಳ್ಸು. ಮಿಲಿತ್ಸಿಯಾ ಆಗಾದ್ರೂ ಬರ್ಲಿ, ಪೊಲಿತ್ಸಿಯಾ ಆಗಾದ್ರೂ ಬರ್ಲಿ, ನಂಗೆ ಕೋಳಿ ಬರ್ಬೇಕು."

ಸೋಮವಾರ ಒಮೆಲ್ಕೋ ಪರೀಕ್ಷೆಗೆ ಹೋದ. ಹೋಗುವ ಮೊದಲು ಯಾವ್ದೋಖಾ ಅವನ ಅಂಗಿಯನ್ನು ತಾನೇ ಇಸ್ತ್ರಿ ಮಾಡಿದಳು. ಅವನು ಬೆವರು ಸುರಿಸುತ್ತ ಕಂಪ್ಯೂಟರಿನ ಮುಂದೆ ಕೂತು ಉತ್ತರ ಒತ್ತಿದನಂತೆ. ಆಮೇಲೆ ಒಂದು ಮೇಜಿನ ಹಿಂದೆ ಕೂತಿದ್ದ ಅಪರಿಚಿತರು, "ನೀವು ಯಾಕೆ ಪೊಲಿತ್ಸಿಯಾಕ್ಕೆ ಸೇರ್ಬೇಕು ಅಂತೀರಿ?" ಎಂದು ಕೇಳಿದರಂತೆ.

"ನೀನೇನಂದೆ?" ಎಂದು ಯಾವ್ದೋಖಾ ಕೇಳಿದಳು.

"ಊರಲ್ಲಿ ಒಬ್ಬ ಅಜ್ಜಿ ಕೋಳಿ ಕಳ್ತನ ಆಗಿದೆ, ಬೇಗ ಬಿಟ್ರೆ ಬೆಳಕಿರೋವಾಗ್ಲೇ ಹೋಗಿ ನೋಡ್ಬಹುದು ಅಂದೆ."

"ನಕ್ರಾ?"

"ಒಬ್ಬಳು ನಕ್ಕಳು. ಉಳಿದವ್ರು ಬರ್‍ಕೊಂಡ್ರು."

ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಅವನು ಮೋತ್ರ್ಯಾಳ ಹಿತ್ತಿಲನ್ನು ತಪಾಸಣೆ ಮಾಡಿ, ಬೇಲಿಯ ಬುಡದಲ್ಲಿ ಬಿಲ, ಬಿಲದ ಅಂಚಿನಲ್ಲಿ ಕೆಂಪು ಕೂದಲು ಪತ್ತೆ ಹಚ್ಚಿದ. ಕಳ್ಳ ನರಿ. ಮೋತ್ರ್ಯಾ ಒಪ್ಪಲಿಲ್ಲ. "ನರಿ ಆದ್ರೇನು? ಹೊಸ ಪೊಲಿತ್ಸಿಯಾ ಅಂತೀಯ, ಅರೆಸ್ಟ್ ಮಾಡು" ಎಂದು ಹಟ ಹಿಡಿದಳು. ಒಮೆಲ್ಕೋ ಕೋಟು ಬಿಚ್ಚಿಟ್ಟು, ಬಿಲ ಮುಚ್ಚಿ, ಬೇಲಿಗೆ ಹೊಸ ಹಲಗೆ ಹೊಡೆದ. ಅವನು ಪಾಸಾದನೆಂದು ಸುದ್ದಿ ಬಂದಾಗ ಮೋತ್ರ್ಯಾ ಇಡೀ ಊರಿಗೆ ಹೇಳಿಕೊಂಡು ಬಂದದ್ದು ಒಂದೇ ಮಾತು. "ನನ್ನ ಕೋಳಿಗಳೇ ಅವನನ್ನ ಪಾಸ್ ಮಾಡಿಸಿದ್ದು."

ಯಾವ್ದೋಖಾ ಆ ಹೊಸ ಹೆಸರಿಗೆ ಪೂರ್ತಿ ಒಗ್ಗಿಕೊಂಡಳು ಎಂದರೆ ಸುಳ್ಳಾಗುತ್ತದೆ. ಸರ್ಕಾರಕ್ಕೆ ಎರಡಕ್ಷರ ಬದಲಿಸಲು ಒಂದು ದಿನ ಸಾಕು, ಮುದುಕಿಯ ನಾಲಿಗೆಗೆ ಸಾಲದು. ಊಟಕ್ಕೆ ಕೂಗುವುದನ್ನು ಮತ್ತೆ ಶುರು ಮಾಡಿದಳು, ಆದರೆ "ಒಮೆಲ್ಕೋ" ಎಂದೇ ಕೂಗುತ್ತಿದ್ದಳು. ಮೊದಲ ಸಲ ಹಾಗೆ ಕೂಗಿದಾಗ, ಯಾರನ್ನೋ ಕರೆಯುತ್ತಿದ್ದಾಳೆಂದು ಅವನು ಹೊರಗೆ ಬರಲೇ ಇಲ್ಲ.

ಬದಲಾದದ್ದು ಇನ್ನೊಂದಿತ್ತು. ಒಡೆದ ಮಡಕೆಯ ಮೂಲೆಗೆ ಈಗ ಅವರಿಬ್ಬರೂ ಹೋಗತೊಡಗಿದ್ದರು. ಒಂದೇ ಸಲಕ್ಕಲ್ಲ. ಬೀನ್ಸ್ ಬಿಡಿಸುವಾಗ, ಆಲೂಗಡ್ಡೆ ಆರಿಸುವಾಗ, ಮೋತ್ರ್ಯಾ ಇದ್ದಕ್ಕಿದ್ದಂತೆ ಏನೋ ಹೇಳುತ್ತಿದ್ದಳು. ಅವಳು ಮೂರು ವರ್ಷ ದೊಡ್ಡವಳು. ಯುದ್ಧಕ್ಕೆ ಮುಂಚಿನ ಊರು ಅವಳ ನೆನಪಿನಲ್ಲಿತ್ತು, ಆ ಊರಿನೊಳಗೆ ಪಟ್ಟಿ ಕಟ್ಟಿಕೊಳ್ಳುವ ಮೊದಲಿನ ಸಿದೀರ್ ಇದ್ದ. ಅವನು ಹುಲ್ಲು ಕೊಯ್ಯುವಾಗ ಸಾಲಿನಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದನಂತೆ. ಮಕ್ಕಳಿಗೆ ಜಾರುಬಂಡಿ ಮಾಡಿಕೊಡುತ್ತಿದ್ದನಂತೆ, ಮೋತ್ರ್ಯಾಗೂ ಒಂದು ಮಾಡಿಕೊಟ್ಟಿದ್ದ. ಹಾಡಲು ಬಾರದಿದ್ದರೂ ಹಾಡುತ್ತಿದ್ದನಂತೆ. ಅಮ್ಮ ಒಲೆಗೆ ಹಾಕಿದ ಫೋಟೋ ತುಣುಕು ತುಣುಕಾಗಿ ಕೈಗೆ ಬರುತ್ತಿತ್ತು, ಅದೂ ಯಾರು ಕೊಡಲು ಎಲ್ಲರಿಗಿಂತ ಕಡಿಮೆ ಬಾಧ್ಯಳೋ ಅವಳ ಕೈಯಿಂದ. ಮಾಡಿದ್ದು ಮಾಡಿದ್ದೇ, ಅದನ್ನು ಇಬ್ಬರೂ ಅಳಿಸಲಿಲ್ಲ. ಆದರೆ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಯಾವ್ದೋಖಾಗೆ ಒಬ್ಬ ಅಪ್ಪ ಸಿಕ್ಕಿದ.

ಮುಂದಿನ ವಸಂತದಲ್ಲಿ ನದಿ ಉಕ್ಕಿ ಹಿತ್ತಲ ಹುಲ್ಲುಗಾವಲಿನವರೆಗೆ ನೀರು ಬಂದಿತ್ತು, ಕಪ್ಪೆಗಳ ಸದ್ದು ಮೋತ್ರ್ಯಾಗೂ ಕೇಳುವಷ್ಟಿತ್ತು. ಇಬ್ಬರೂ ಬಿತ್ತನೆಯ ಈರುಳ್ಳಿ ಆರಿಸುತ್ತ ಕೂತಿದ್ದರು.

"ನಿಮ್ಮಪ್ಪನಿಗೆ ಕಪ್ಪೆ ಕಂಡ್ರೆ ಭಯ, ಗೊತ್ತಾ?" ಎಂದಳು ಮೋತ್ರ್ಯಾ.

"ಸುಳ್ಳು ಹೇಳ್ಬೇಡ."

"ದೇವ್ರಾಣೆ. ಅಷ್ಟು ದೊಡ್ಡ ಗಂಡಸು! ಒಂದ್ಸಲ ನಾವು ಮಕ್ಕಳೆಲ್ಲ ಸೇರಿ ಅವನ ಬೂ‌ಟಿನೊಳಗೆ ಒಂದು ಕಪ್ಪೆ ಹಾಕಿದ್ವಿ. ಕಾಲು ಹಾಕಿದ್ದೇ ತಡ, ಒಂದೇ ಕಾಲಲ್ಲಿ ಕುಪ್ಪಳಿಸ್ಕೊಂಡು ಬಾವಿವರ್ಗೂ ಓಡ್ದ. ನಮ್ಮಪ್ಪ ನಕ್ಕೂ ನಕ್ಕೂ ಬೇಲಿ ಮೇಲೆ ಬಿದ್ದ."

"ನಿಮ್ಮಪ್ಪ ಅಲ್ಲೇ ಇದ್ರಾ?"

"ಇರದೇ ಏನು? ಇಬ್ರೂ ಒಟ್ಟಿಗೇ ತಾನೆ ಹುಲ್ಲು ಕೊಯ್ಯೋಕೆ ಹೋಗ್ತಿದ್ದದ್ದು."

ಯಾವ್ದೋಖಾ ಈರುಳ್ಳಿಯನ್ನು ಕೈಯಲ್ಲೇ ಹಿಡಿದುಕೊಂಡಳು. ಆಮೇಲೆ ಅವಳ ಹೆಗಲು ಅಲುಗತೊಡಗಿತು, ಅಳುತ್ತಿದ್ದಾಳೇನೋ ಎಂದು ಮೋತ್ರ್ಯಾ ಬಗ್ಗಿ ನೋಡಿದಳು.

"ಅಳ್ತಿದೀಯೋ ನಗ್ತಿದೀಯೋ?"

"ಸುಮ್ನಿರೇ" ಎಂದಳು ಯಾವ್ದೋಖಾ ಕಣ್ಣೊರೆಸಿಕೊಳ್ಳುತ್ತ. "ಯಾವ ಕಾಲಲ್ಲಿ ಕುಪ್ಪಳಿಸ್ದ, ಅದನ್ನ ಹೇಳು."